ಉಸಿರಿನ ಚೀಲದ ಆಚೆ ಬದಿ

ನಾನು ಒಂದು ಅರಿವಳಿಕೆ ಯಂತ್ರ. ಹೊಟ್ಟೆ ಕೊಯ್ಯುವಾಗ, ಮೂಳೆ ಕತ್ತರಿಸುವಾಗ, ಮಲಗಿದವರಿಗೆ ಅದು ತಿಳಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಆಸ್ಪತ್ರೆಯ ಆಯಾಗಳು ನನ್ನನ್ನು ‘ಗ್ಯಾಸಿನ ಗಾಡಿ’ ಎಂದು ಕರೆಯುತ್ತಿದ್ದರು. ಕೆಳಗೆ ಚಕ್ರ, ಹಿಂದೆ ಸಿಲಿಂಡರು, ಮೇಲೆ ಸಾಮಾನು ಇಡಲು ಒಂದು ತಗಡಿನ ಮೇಜು. ದೂರದಿಂದ ನೋಡಿದವರು ಚಹಾ ಮಾರುವ ಗಾಡಿ ಎಂದುಕೊಂಡರೆ ಅದು ಅವರ ತಪ್ಪಲ್ಲ.

ನಾನು ಹುಟ್ಟಿದ್ದು ಮುಂಬಯಿಯ ಒಂದು ಕಾರ್ಖಾನೆಯಲ್ಲಿ. ನನ್ನ ಕಬ್ಬಿಣದ ಮೈ ಅಲ್ಲಿಯದೇ. ಗಾಜಿನ ನಳಿಗೆಗಳು ಮಾತ್ರ ಹತ್ತಿಯಲ್ಲಿ ಸುತ್ತಿಕೊಂಡು ಬೇರೆಲ್ಲಿಂದಲೋ ಬಂದವು. ಆ ನಳಿಗೆಗಳೊಳಗೆ ಗಾಳಿ ಹರಿದಾಗ ಪುಟ್ಟ ಗುಂಡುಗಳು ಬುಗುರಿಯಂತೆ ತಿರುಗುತ್ತ ಮೇಲೇಳುತ್ತಿದ್ದವು. ಎಷ್ಟು ಮೇಲೆದ್ದವು ಎಂಬುದರ ಮೇಲೆ ಎಷ್ಟು ಗಾಳಿ ಹೋಗುತ್ತಿದೆ ಎಂದು ತಿಳಿಯಬೇಕು. ಎಲ್ಲ ಜೋಡಿಸಿದ ಮೇಲೆ ಕೊನೆಗೆ ನನಗೊಂದು ಕಪ್ಪು ರಬ್ಬರಿನ ಚೀಲ ಕಟ್ಟಿದರು. ಅದೇ ಉಸಿರಿನ ಚೀಲ. ಮಲಗಿದವರು ಉಸಿರು ಬಿಟ್ಟರೆ ಅದು ಉಬ್ಬುತ್ತಿತ್ತು, ಎಳೆದುಕೊಂಡರೆ ಸೊರಗುತ್ತಿತ್ತು.

ದತ್ತೋಬಾ ಎಂಬ ಹಿರಿಯ ಫಿಟ್ಟರ್ ನನ್ನನ್ನು ಪರೀಕ್ಷಿಸಿದ. ಬರಿಯ ಆಮ್ಲಜನಕ ಬಿಟ್ಟು, ಮುಖವಾಡವನ್ನು ತನ್ನ ಮೂಗಿಗೇ ಹಿಡಿದುಕೊಂಡು, ಕಣ್ಣುಮುಚ್ಚಿ ನಾಲ್ಕಾರು ಸಲ ಉಸಿರಾಡಿದ. ನನ್ನ ಚೀಲ ಮೊದಲ ಬಾರಿ ಅಲುಗಿದ್ದು ಅವನ ಎದೆಯ ಜೊತೆಗೆ. ಆಮೇಲೆ ಹುಲ್ಲು ತುಂಬಿದ ಪೆಟ್ಟಿಗೆ, ಗೂಡ್ಸ್ ರೈಲು, ಲಾರಿ. ಪೆಟ್ಟಿಗೆ ಒಡೆದಾಗ ಸುಡುವ ಬಿಸಿಲು ಕಣ್ಣಿಗೆ ಹೊಡೆಯಿತು. ಬಾಗಲಕೋಟೆ ಸೀಮೆಯ ಒಂದು ಊರಿನ ಧರ್ಮಾಸ್ಪತ್ರೆಗೆ ಬಂದಿದ್ದೆ.

ಅಲ್ಲಿ ನನ್ನ ಒಡತಿ ಡಾಕ್ಟರ್ ಇಂದುಮತಿ ಹಂಪಿಹೊಳಿ. ಮಲಗಿಸುವ ಡಾಕ್ಟರು ಅವರೇ. ಗಿಡ್ಡನೆಯ ಆಳು, ದಪ್ಪ ಕನ್ನಡಕ, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಅದರ ಮೇಲೆ ಹಸಿರು ಗೌನು. ನಾನು ಬರುವ ಮೊದಲು ಅವರು ತಂತಿಯ ಜಾಳಿಗೆಗೆ ಬಟ್ಟೆ ಸುತ್ತಿ, ಅದರ ಮೇಲೆ ಈಥರ್ ಹನಿಸಿ ಮಲಗಿಸುತ್ತಿದ್ದರಂತೆ. ನಾಲ್ಕು ಜನ ಕೈಕಾಲು ಹಿಡಿಯಬೇಕಾಗುತ್ತಿತ್ತಂತೆ. ಆ ವಾಸನೆಗೆ ಆಯಾಗಳಿಗೂ ತಲೆ ತಿರುಗುತ್ತಿತ್ತಂತೆ. ನಾನು ಬಂದ ದಿನ ಇಂದುಮತಿಯವರು ನನ್ನ ತಗಡಿನ ಮೇಜನ್ನು ತಮ್ಮ ಸೆರಗಿನಿಂದಲೇ ಒರೆಸಿದರು.

ಕತ್ತಿ ಹಿಡಿಯುವ ಡಾಕ್ಟರು ವಿರೂಪಾಕ್ಷ ಕಟಗೇರಿ. ಎತ್ತರದ ಆಳು, ಕೈ ಚುರುಕು, ಬಾಯಿ ಇನ್ನೂ ಚುರುಕು. ಕೊಯ್ಯುತ್ತ ಕೊಯ್ಯುತ್ತ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದರು. ಅವರ ಮಾತಿಗೆ ಸಿಸ್ಟರ್ ದಯಾಮಣಿ ನಗುತ್ತಿದ್ದಳು. ನಾನು ಗಾಳಿ ಬಿಡುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಮಲಗಿದವರೊಬ್ಬರನ್ನು ಬಿಟ್ಟು ಕೋಣೆಯಲ್ಲಿದ್ದವರೆಲ್ಲ ಕೇಳುತ್ತಿದ್ದೇವೆ ಎಂದು ನಾನು ತಿಳಿದಿದ್ದೆ.

ನಮ್ಮ ಕೆಲಸ ನಡೆಯುತ್ತಿದ್ದ ಬಗೆಯನ್ನು ಇಲ್ಲಿ ಹೇಳಿಬಿಡಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಮೊದಲು ರೋಗಿಯ ನರಕ್ಕೆ ಒಂದು ಸೂಜಿ. ಅದು ನಿದ್ದೆಗೆ. ಆದರೆ ಆ ನಿದ್ದೆ ಬಹಳ ಹೊತ್ತು ಉಳಿಯುವುದಿಲ್ಲ. ಎರಡನೆಯ ಸೂಜಿ ಮೈಯ ಸ್ನಾಯುಗಳನ್ನೆಲ್ಲ ಸಡಿಲ ಮಾಡುವುದಕ್ಕೆ. ಅದು ಹೊಕ್ಕ ಮೇಲೆ ಮನುಷ್ಯ ಕಣ್ಣೆವೆ ಎತ್ತಲಾರ, ಬೆರಳು ಆಡಿಸಲಾರ, ತಾನಾಗಿ ಉಸಿರೂ ಆಡಲಾರ. ಆಗ ಗಂಟಲಿಗೆ ನಳಿಗೆ ಇಳಿಸಿ, ನನ್ನ ಕಪ್ಪು ಚೀಲವನ್ನು ಒತ್ತಿ ಒತ್ತಿ ಇಂದುಮತಿಯವರೇ ಅವರ ಪಾಲಿನ ಉಸಿರು ಆಡಿಸುತ್ತಿದ್ದರು. ಮೊದಲ ಸೂಜಿಯ ನಿದ್ದೆ ಹರಿಯುವ ಮುನ್ನ ನನ್ನ ಗಾಜಿನ ಬಾಟಲಿಯಲ್ಲಿದ್ದ ಸಿಹಿ ವಾಸನೆಯ ಹ್ಯಾಲೋಥೇನ್ ಆವಿಯಾಗಿ, ಗಾಳಿಯ ಜೊತೆ ಹೋಗಿ, ನಿದ್ದೆಯನ್ನು ಹಿಡಿದಿಡುತ್ತಿತ್ತು. ಅಂದರೆ ನಿದ್ದೆ ಬೇರೆ, ಮೈ ಅಲುಗದಿರುವುದು ಬೇರೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಅಲುಗದೆ ಬಿದ್ದ ಮೈಯನ್ನು ನೋಡಿ ನೋಡಿ, ಅದನ್ನೇ ನಿದ್ದೆ ಎಂದುಕೊಳ್ಳುವುದು ನನಗೂ ಅಲ್ಲಿದ್ದವರಿಗೂ ರೂಢಿಯಾಗಿಬಿಟ್ಟಿತ್ತು.

ಹಲವು ವರ್ಷ ಹೀಗೇ ನಡೆಯಿತು. ನನ್ನ ಬಣ್ಣ ಒಂದು ಸಲ ಹೋಗಿ ಇನ್ನೊಂದು ಸಲ ಬಳಿಸಿಕೊಂಡಿದ್ದೆ. ಆಗ ಬಂದಳು ಮಹಾನಂದಾ ಬೆಳ್ಳುಬ್ಬಿ.

ಆಕೆ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಆಗಿನ್ನೂ ಬೇರೆ ಊರಿಗೆ ಮಾತಾಡಬೇಕಾದರೆ ಆಕೆಯಂಥವರೇ ತಂತಿ ಚುಚ್ಚಿ ಜೋಡಿಸಿಕೊಡಬೇಕಿತ್ತು. ನಲವತ್ತರ ಒಳಗಿನ ವಯಸ್ಸು. ಗಂಡ ಈರಣ್ಣ ಶಾಲೆಯ ಮಾಸ್ತರ. ಆಕೆಯ ಎರಡೂ ಮೂತ್ರಪಿಂಡಗಳಲ್ಲಿ ಕಲ್ಲು ಬೆಳೆದಿದ್ದವು. ಮೊದಲು ಬಲಗಡೆಯ ಕಲ್ಲನ್ನು ತೆಗೆಯುವುದು, ಆಕೆ ಚೇತರಿಸಿಕೊಂಡ ಮೇಲೆ ಎಡಗಡೆಯದು ಎಂದು ಕಟಗೇರಿಯವರು ಹೇಳಿದ್ದರು. ಮೇಜಿನ ಮೇಲೆ ಮಲಗುವಾಗ ಆಕೆ ಇಂದುಮತಿಯವರನ್ನು ಕೇಳಿದ್ದು ಒಂದೇ ಮಾತು, ತನಗೆ ಏನೂ ಗೊತ್ತಾಗುವುದಿಲ್ಲವಷ್ಟೇ ಎಂದು. ಇಂದುಮತಿಯವರು ಆಕೆಯ ಕೆನ್ನೆ ತಟ್ಟಿ, ಏನೂ ಗೊತ್ತಾಗುವುದಿಲ್ಲ ಎಂದರು.

ಆಕೆಯನ್ನು ಎಡಮಗ್ಗುಲಾಗಿ ಮಲಗಿಸಿದರು. ಕಣ್ಣೆವೆಗಳು ತೆರೆದುಕೊಳ್ಳದಂತೆ ಪಟ್ಟಿ ಹಚ್ಚಿದರು. ಪಕ್ಕೆಯ ಕೆಳಗೆ ದೊಡ್ಡ ಗಾಯ ತೆರೆಯಿತು. ಕೆಲಸ ಅರ್ಧ ಆಗಿರಬೇಕು, ಒಂದು ರಕ್ತನಾಳ ಹರಿಯಿತು. ರಕ್ತ ಒಮ್ಮೆಲೇ ತುಂಬಿಕೊಂಡಿತು. ಆಕೆಯ ರಕ್ತದೊತ್ತಡ ಇಳಿಯಿತು, ಇನ್ನೂ ಇಳಿಯಿತು. ಹ್ಯಾಲೋಥೇನ್ ಒತ್ತಡವನ್ನು ಮತ್ತಷ್ಟು ಇಳಿಸುವ ಮದ್ದು. ಇಂದುಮತಿಯವರು ಕೈ ಚಾಚಿ ನನ್ನ ಬಾಟಲಿಯ ತಿರುಪನ್ನು ಬಂದ್ ಮಾಡಿದರು. ಬರಿಯ ಆಮ್ಲಜನಕ ಬಿಟ್ಟರು. ರಕ್ತದ ಬಾಟಲಿ ಹಚ್ಚಿದರು. ಕಟಗೇರಿಯವರು ಬೈಯುತ್ತ, ಬೆವರುತ್ತ ಆ ನಾಳವನ್ನು ಹುಡುಕಿ ಕಟ್ಟಿದರು. ಒತ್ತಡ ಮೆಲ್ಲನೆ ಮೇಲೆ ಬಂತು. ಎಲ್ಲರೂ ಉಸಿರು ಬಿಟ್ಟರು. ಕಟಗೇರಿಯವರು ಮತ್ತೆ ಮಾತಿಗೆ ತೊಡಗಿದರು.

ಅಷ್ಟರಲ್ಲಿ ಆಕೆಯ ನಾಡಿ ಓಡತೊಡಗಿತ್ತು. ರಕ್ತ ಹೋಗಿದೆಯಲ್ಲ, ಅದಕ್ಕೇ ಎಂದರು. ಎಡಮಗ್ಗುಲಾಗಿದ್ದ ಮುಖದಲ್ಲಿ, ಮೇಲಿನ ಕಣ್ಣಿನ ಪಟ್ಟಿಯ ಕೆಳಗಿಂದ ಒಂದು ಹನಿ ನೀರು ಹೊರಟು, ಮೂಗಿನ ಮೇಲೆ ಹಾದು, ಕೆಳಗಿನ ಕಣ್ಣಿನ ಪಟ್ಟಿಯವರೆಗೆ ಇಳಿಯಿತು. ಸಿಸ್ಟರ್ ದಯಾಮಣಿ ಹತ್ತಿಯಿಂದ ಒರೆಸಿದಳು. ಇನ್ನೊಂದು ಹನಿ ಬಂತು. ಇಂದುಮತಿಯವರು ಅದನ್ನು ನೋಡಿದರು. ಒತ್ತಡವನ್ನು ಇನ್ನೊಮ್ಮೆ ನೋಡಿ, ತಿರುಪನ್ನು ಮತ್ತೆ ತೆರೆದರು. ಹನಿ ನಿಂತಿತು. ಚರ್ಮ ಹೊಲಿದು ಆಕೆಯನ್ನು ವಾರ್ಡಿಗೆ ಒಯ್ದರು. ಕಷ್ಟದ ಕೇಸು ಗೆದ್ದೆವು ಎಂದು ಅಂದು ಆಪರೇಶನ್ ಥಿಯೇಟರಿನಲ್ಲಿ ಎಲ್ಲರೂ ಚಹಾ ಕುಡಿದರು. ನಾನೂ ಗೆದ್ದೆನೆಂದೇ ಅಂದುಕೊಂಡೆ.

ನಾನು ಥಿಯೇಟರು ಬಿಟ್ಟು ಹೊರಗೆ ಹೋಗುವವನಲ್ಲ. ವಾರ್ಡಿನ ಸುದ್ದಿ ನನಗೆ ತಿಳಿಯುವುದು ಬೇರೆಯವರ ಬಾಯಿಂದ. ಕೆಲವು ದಿನಗಳ ಮೇಲೆ ಸಿಸ್ಟರ್ ದಯಾಮಣಿ ಕತ್ತರಿ ಚಿಮಟಗಳನ್ನು ಕುದಿಸುತ್ತ ಒಂದು ಮಾತು ಹೇಳಿದಳು. ಬೆಳ್ಳುಬ್ಬಿಯವರು ಆಪರೇಶನ್ ನಡೆಯುವಾಗ ತಾನು ಎಚ್ಚರ ಇದ್ದೆ ಎನ್ನುತ್ತಿದ್ದಾರಂತೆ. ನೋವಿನಿಂದ ನರಳಿದಾಗ ವಾರ್ಡಿನವರು, ಆಪರೇಶನ್ ಎಂದ ಮೇಲೆ ನೋವು ಇರುವುದೇ, ತಡೆದುಕೊಳ್ಳಿ ಎಂದರಂತೆ. ಅದಕ್ಕೆ ಆಕೆ, ಇದು ನೋವೇ ಅಲ್ಲ, ನೋವು ಏನೆಂದು ನಾನು ಮೇಜಿನ ಮೇಲೆ ನೋಡಿ ಬಂದಿದ್ದೇನೆ ಎಂದಳಂತೆ. ಕಟಗೇರಿಯವರು ಕೈ ತೊಳೆಯುತ್ತ ನಕ್ಕರು. ಮದ್ದಿನ ಗುಂಗಿನಲ್ಲಿ ಎಲ್ಲರಿಗೂ ಕನಸು ಬೀಳುತ್ತವೆ ಎಂದರು. ಇಂದುಮತಿಯವರು ನಗಲಿಲ್ಲ. ನನ್ನ ತಿರುಪಿನ ಮೇಲೆ ಕೈ ಇಟ್ಟರು. ನನ್ನ ಕಬ್ಬಿಣಕ್ಕೆ ಆ ಕೈಯ ತಣ್ಣಗಿನ ಬೆವರು ತಾಗಿತು.

ಮಹಾನಂದಾ ಮನೆಗೆ ಹೋದಳು. ಗಾಯ ಮಾಯಿತು. ಆದರೆ ಮಾಸ್ತರರು ಇಂದುಮತಿಯವರನ್ನು ಹುಡುಕಿಕೊಂಡು ಥಿಯೇಟರಿನ ಬಾಗಿಲವರೆಗೂ ಬಂದರು. ಮೆತ್ತಗೆ ಮಾತಾಡುವ ಮನುಷ್ಯ. ಹೆಂಡತಿ ಎಡಮಗ್ಗುಲಾಗಿ ಮಲಗುವುದೇ ಇಲ್ಲ, ಕುಳಿತೇ ತೂಕಡಿಸುತ್ತಾಳೆ ಎಂದರು. ಕೆಲಸಕ್ಕೆ ಹೋದಳು, ಕಿವಿಗೆ ಫೋನು ಏರಿಸಿಕೊಂಡಳು, ಆ ಕಡೆಯಿಂದ ಯಾರೋ ‘ಹಲೋ, ಹಲೋ’ ಎಂದರು, ಇವಳ ಕೈ ಏಳಲಿಲ್ಲ, ಬಾಯಿ ತೆರೆಯಲಿಲ್ಲ, ಕಲ್ಲಿನಂತೆ ಕುಳಿತುಬಿಟ್ಟಳು ಎಂದರು. ಎಡಗಡೆಯ ಆಪರೇಶನ್ನಿನ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಾಳಂತೆ. ಆಕೆಯನ್ನು ಇಲ್ಲಿಗೇ ಕರೆದುಕೊಂಡು ಬನ್ನಿ ಎಂದರು ಇಂದುಮತಿಯವರು.

ಒಂದು ಭಾನುವಾರ ಮಧ್ಯಾಹ್ನ ಆಕೆ ಬಂದಳು. ಅಂದು ಆಪರೇಶನ್ ಇರಲಿಲ್ಲ. ಕಿಟಕಿಗಳೆಲ್ಲ ತೆರೆದಿದ್ದವು. ಇಂದುಮತಿಯವರು ಕಟಗೇರಿಯವರನ್ನೂ ಕರೆಸಿದ್ದರು. ಅವರು ಗಡಿಯಾರ ನೋಡುತ್ತ ಗೋಡೆಗೆ ಒರಗಿ ನಿಂತಿದ್ದರು. ಮಹಾನಂದಾ ಮೇಜಿನ ಕಡೆ ನೋಡಲಿಲ್ಲ. ನನ್ನ ಕಪ್ಪು ಚೀಲವನ್ನು ಮಾತ್ರ ನೋಡಿದಳು. ಇದರ ಸದ್ದು ನನಗೆ ಗೊತ್ತು ಎಂದಳು. ಹೇಗಿತ್ತು ಎಂದು ಇಂದುಮತಿಯವರು ಕೇಳಿದರು.

ಆಕೆ ಹೇಳಿದಳು. ಅವಸರವಿಲ್ಲದೆ, ದೂರದೂರಿನ ಟ್ರಂಕ್‌ಕಾಲ್‌ನಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ದನಿಯಲ್ಲಿ ಹೇಳಿದಳು. ಮೊದಲು ಕತ್ತಲೆ. ಆಮೇಲೆ ದನಿಗಳು. ಮನೆಗೆ ಬಂದಿದ್ದೇನೆ, ಎಲ್ಲ ಮುಗಿದಿದೆ ಎಂದುಕೊಂಡಳಂತೆ. ಅಷ್ಟರಲ್ಲಿ ಪಕ್ಕೆಯೊಳಗೆ ಒಂದು ಕೈ ಆಡಿತು. ಆ ಕೈಯ ಒಂದೊಂದು ಬೆರಳೂ ಗೊತ್ತಾಯಿತು. ಕೂಗಲು ಹೋದಳು, ಗಂಟಲಲ್ಲಿ ನಳಿಗೆ. ಕಣ್ಣು ತೆರೆಯಲು ಹೋದಳು, ಎವೆ ತನ್ನದಲ್ಲ. ಕಾಲ ಹೆಬ್ಬೆರಳನ್ನಾದರೂ ಅಲುಗಿಸಬೇಕೆಂದು ಇದ್ದ ಜೀವವನ್ನೆಲ್ಲ ಅಲ್ಲಿಗೆ ಕೂಡಿಹಾಕಿದಳು. ಏನೂ ಅಲುಗಲಿಲ್ಲ. ಉಸಿರು ಹಿಡಿದರೆ ಯಾರಾದರೂ ನೋಡಿಯಾರು ಎಂದುಕೊಂಡಳು. ಉಸಿರೂ ತನ್ನದಾಗಿರಲಿಲ್ಲ. ಯಾರೋ ಹೊರಗಿನಿಂದ ಒತ್ತುತ್ತಿದ್ದರು, ಅದು ಒಳಗೆ ಬರುತ್ತಿತ್ತು.

ಅದನ್ನು ಕೇಳಿ ನಾನು ದಿಗಿಲುಗೊಂಡೆ. ಅಷ್ಟೂ ಹೊತ್ತು ಆ ಚೀಲ ನನ್ನ ಮೈಗೇ ಅಂಟಿಕೊಂಡಿತ್ತು. ಆಕೆಯ ಎದೆಯ ಏರಿಳಿತ ನನಗೆ ಗೊತ್ತಿದ್ದಷ್ಟು ಮತ್ತಾರಿಗೂ ಗೊತ್ತಿರಲಿಲ್ಲ. ಚೀಲದ ಈಚೆ ಬದಿ ನಾನು, ಆಚೆ ಬದಿ ಎಚ್ಚರವಾಗಿ ಕುಳಿತು ಬಾಗಿಲು ಬಡಿಯುತ್ತಿದ್ದ ಒಬ್ಬ ಹೆಣ್ಣುಮಗಳು. ನಡುವೆ ಇದ್ದದ್ದು ತೆಳ್ಳನೆಯ ರಬ್ಬರು.

ಕಟಗೇರಿಯವರು ಮೆಲ್ಲಗೆ, ಕನಸಿನಲ್ಲೂ ಹೀಗೆಲ್ಲ ಆಗುತ್ತದೆ ಎಂದರು. ಮಹಾನಂದಾ ಅವರತ್ತ ತಿರುಗಿದಳು.

“ನಿಮ್ಮ ಮಗಳ ನಿಶ್ಚಯಕ್ಕ ಬೀಗರು ಪೇಢೇನ ಬೇಕು ಅಂತ ಹಟ ಹಿಡದಾರ ಅಂದ್ರಿ. ಸಿಸ್ಟರ್ ನಕ್ರು. ಆಮ್ಯಾಲ ನೀವು, ‘ಆ ಕಡೀ ಕಿಡ್ನೀನೂ ಹಿಂಗ ಇದ್ರ ಈಕಿ ವರ್ಷ ತಗಿಯೂದು ಕಷ್ಟ’ ಅಂದ್ರಿ. ನಾ ಕೇಳ್ಕೋತ ಮಲಗಿದ್ನಿರಿ.”

ಕಟಗೇರಿಯವರ ಮುಖದ ರಕ್ತವೆಲ್ಲ ಇಳಿದುಹೋಯಿತು. ಅವರು ಗೋಡೆಯ ಪಕ್ಕದ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಕುಳಿತರು. ಆ ಮಾತು ಆಡಿದ್ದು ನಿಜ. ನಾನೂ ಕೇಳಿದ್ದೆ. ಬಾಗಿಲ ಬಳಿ ನಿಂತಿದ್ದ ಮಾಸ್ತರರು ಹೆಂಡತಿ ವರ್ಷ ಬದುಕುವುದು ಕಷ್ಟ ಎಂಬ ಮಾತನ್ನು ಮೊದಲ ಸಲ ಕೇಳಿದ್ದು ಆಗಲೇ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಇಷ್ಟು ದಿನ ಅದನ್ನು ಆಕೆ ಒಬ್ಬಳೇ ಇಟ್ಟುಕೊಂಡಿದ್ದಳು.

ಇಂದುಮತಿಯವರು ಕನ್ನಡಕ ತೆಗೆದರು. “ನೀವು ಹೇಳೂದು ಖರೇ ಅದ,” ಎಂದರು. “ಕನಸಲ್ಲ. ನಿದ್ದಿ ಔಷಧ ನಾನೇ ಬಂದ್ ಮಾಡಿದ್ದೆ. ರಕ್ತ ಹೋಗಿ ಜೀವ ಹೋಗೂ ಹಂಗ ಇತ್ತು. ಮತ್ತ ಚಾಲೂ ಮಾಡೂದು ತಡಾ ಆತು. ನಿಮಗ ಎಚ್ಚರ ಆಗಿರಬಹುದು ಅಂತ ನನಗ ಹೊಳೀಲಿಲ್ಲ.”

ಇಷ್ಟು ದಿನ ಯಾರೂ ಆಕೆಗೆ ಹೌದು ಎಂದಿರಲಿಲ್ಲ. ಆ ಒಂದು ಮಾತಿಗೆ ಮಹಾನಂದಾಳ ಭುಜಗಳು ಕುಸಿದವು. ಆಕೆ ಅಳಲಿಲ್ಲ. ಇಂದುಮತಿಯವರತ್ತ ತಿರುಗಿ ಹೇಳಿದಳು.

“ಜೀವ ಉಳಿಸೀರಿ, ತಿಳೀತೈತ್ರಿ ಡಾಕ್ಟರ್ ಬಾಯಾರ. ನೋವಿಂದೂ ಹೋಗ್ಲಿ. ಎಲ್ಲಾರೂ ನನ್ನ ಮ್ಯಾಲ ಮಾತಾಡಿದ್ರಿ, ನನ್ನ ಕೂಡ ಒಬ್ರೂ ಮಾತಾಡ್ಲಿಲ್ಲ. ಮಹಾನಂದಾ, ನಾವದೀವಿ ಅಂತ ಒಂದ್ ಮಾತು ಅಂದಿದ್ರ ನಾ ಹಿಡಕೊಂಡ ಇರ್ತಿದ್ನಿ.”

ಎಡಗಡೆಯದನ್ನು ಮಾಡಿಸಿಕೊಳ್ಳುವುದಿಲ್ಲ ಎಂದು ಅಂದೇ ಹೇಳಿ ಹೋದಳು. ಯಾರೂ ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡುವ ಮುಖ ಯಾರಿಗೂ ಇರಲಿಲ್ಲ.

ಆಮೇಲೆ ಇಂದುಮತಿಯವರು ಬೇರೆಯೇ ಮನುಷ್ಯರಾದರು. ಬಿಡುವಿದ್ದಾಗಲೆಲ್ಲ ನನ್ನ ತಗಡಿನ ಮೇಜಿನ ಮೇಲೆ ದಪ್ಪ ಪುಸ್ತಕಗಳನ್ನು ಹರಡಿಕೊಂಡು ನಿಂತೇ ಓದುತ್ತಿದ್ದರು. ಒಂದು ದಿನ ಬಿ.ಪಿ. ನೋಡುವ ಪಟ್ಟಿಯನ್ನು ತಮ್ಮ ಮುಂಗೈಗೇ ಕಟ್ಟಿಕೊಂಡು, ಬಿಗಿಯಾಗಿ ಗಾಳಿ ತುಂಬಿಸಿ, ಬೆರಳು ಮಡಚಿ ಬಿಚ್ಚಿ ನೋಡಿದರು. ಸಿಸ್ಟರ್ ದಯಾಮಣಿಗೆ ವಿವರಿಸಿದರು. ಸ್ನಾಯು ಸಡಿಲಿಸುವ ಸೂಜಿ ಕೊಡುವ ಮೊದಲು ಒಂದು ಕೈಗೆ ಹೀಗೆ ಪಟ್ಟಿ ಬಿಗಿದರೆ ಆ ಮದ್ದು ಆ ಕೈಗೆ ಇಳಿಯುವುದಿಲ್ಲ. ಮೈಯೆಲ್ಲ ಸಡಿಲವಾದರೂ ಅದೊಂದು ಕೈ ರೋಗಿಯದೇ ಆಗಿ ಉಳಿಯುತ್ತದೆ. ಎಚ್ಚರವಾದರೆ ಬೆರಳು ಒತ್ತಬಹುದು.

ಮಳೆಗಾಲ ಮುಗಿಯುವ ಹೊತ್ತಿಗೆ ಮಹಾನಂದಾಳಿಗೆ ಜ್ವರ ಬಂತು. ಬಿಟ್ಟು ಬಿಟ್ಟು ಬರುವ ನಡುಕದ ಜ್ವರ. ಎಡಗಡೆಯ ಕಲ್ಲು ಮೂತ್ರದ ದಾರಿ ಕಟ್ಟಿ, ಅಲ್ಲಿ ಕೀವು ಕಟ್ಟತೊಡಗಿತ್ತು. ಬಲಗಡೆಯದರಲ್ಲಿ ಉಳಿದಿದ್ದು ಸ್ವಲ್ಪ ಶಕ್ತಿ. ಇದೂ ಹೋದರೆ ಆಕೆ ಹೋದಂತೆಯೇ. ಇಂದುಮತಿಯವರು ಆಕೆಯ ಮನೆಗೇ ಹೋಗಿ ಬಂದರಂತೆ. ಅಲ್ಲಿ ಏನು ಮಾತಾಯಿತೋ ನನಗೆ ತಿಳಿಯದು. ಆಕೆ ಬಂದಾಗ ಮಾತ್ರ ಎರಡು ಕರಾರು ಹಾಕಿಕೊಂಡೇ ಬಂದಿದ್ದಳು. ಬಲಗೈ ತನ್ನದಾಗಿ ಉಳಿಯಬೇಕು. ಏನಾದರೂ ಆದರೆ, ಆದದ್ದನ್ನು ಮುಚ್ಚಿಡದೆ ತನಗೆ ಹೇಳಬೇಕು.

ಈ ಸಲ ಆಕೆಯನ್ನು ಬಲಮಗ್ಗುಲಾಗಿ ಮಲಗಿಸಿದರು. ಬಲಗೈಯನ್ನು ಮುಂದಕ್ಕೆ ಚಾಚಿ ಪಟ್ಟಿ ಬಿಗಿದರು. ಇಂದುಮತಿಯವರು ಒಂದು ಕೈಯಲ್ಲಿ ನನ್ನ ಚೀಲ ಹಿಡಿದರು, ಇನ್ನೊಂದು ಕೈಯ ಎರಡು ಬೆರಳನ್ನು ಆಕೆಯ ಅಂಗೈಯಲ್ಲಿ ಇಟ್ಟರು. ಥಿಯೇಟರಿನಲ್ಲಿ ಅಂದು ಮಾತಿರಲಿಲ್ಲ. ಕಟಗೇರಿಯವರು ಕತ್ತಿ ಎತ್ತುವ ಮುಂಚೆ, “ಕೇಳ್ರಿ ಆಕಿನ್ನ,” ಎಂದರು. ಇಂದುಮತಿಯವರು ಆಕೆಯ ಕಿವಿಯ ಬಳಿ ಬಾಗಿ, ಎಚ್ಚರ ಇದ್ದರೆ ನನ್ನ ಬೆರಳು ಒತ್ತಿ ಎಂದರು. ಕೈ ಸುಮ್ಮನಿತ್ತು. ಕತ್ತಿ ಇಳಿಯಿತು.

ಆಗಾಗ ಅವರು ಕೇಳುತ್ತಲೇ ಇದ್ದರು. ಹೆಸರು ಹಿಡಿದು ಕರೆಯುತ್ತಿದ್ದರು. ಈಗ ಇಂಥದ್ದು ನಡೆದಿದೆ, ಕಲ್ಲು ಕಂಡಿತು, ನಿಮ್ಮ ಮಾಸ್ತರರು ಹೊರಗೆ ಕುಳಿತಿದ್ದಾರೆ ಎಂದು ಹೇಳುತ್ತಿದ್ದರು. ಕೈ ಸುಮ್ಮನೆ ಬಿದ್ದಿತ್ತು. ಇದೆಲ್ಲ ಸುಮ್ಮನೆ ಸಮಾಧಾನಕ್ಕೆ ಎಂದು ನನಗೂ ಅನ್ನಿಸತೊಡಗಿತ್ತು.

ಕೀವು ತುಂಬಿದ ಜಾಗ. ಕಲ್ಲು ಎಳೆಯುವಾಗ ಮತ್ತೆ ರಕ್ತ ಚಿಮ್ಮಿತು. ಒತ್ತಡ ಇಳಿಯಿತು. ಇಂದುಮತಿಯವರ ಕೈ ನನ್ನ ತಿರುಪಿಗೆ ಬಂತು, ಒಂದು ಕ್ಷಣ ತಡೆಯಿತು, ಆಮೇಲೆ ಕಡಿಮೆ ಮಾಡಿತು. ಬೇರೆ ದಾರಿಯಿರಲಿಲ್ಲ. ಕಟಗೇರಿಯವರು ರಕ್ತ ಬರುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು ದಾರ ಕೇಳಿದರು. ಇಂದುಮತಿಯವರು ಬಾಗಿ ಹೆಸರು ಕರೆದು, ಎಚ್ಚರ ಇದ್ದೀರಾ ಎಂದು ಕೇಳಿದರು.

ಬೆರಳುಗಳು ಮಡಚಿಕೊಂಡವು. ನಡುಗಿದ್ದಲ್ಲ, ಸೆಳೆದದ್ದಲ್ಲ. ಮಡಚಿ, ಒತ್ತಿ, ಬಿಟ್ಟವು. ಮತ್ತೆ ಒತ್ತಿ ಹಿಡಿದವು.

ಇಂದುಮತಿಯವರು ಚೀಲ ಒತ್ತುವುದನ್ನು ಮರೆತು ಅರೆಗಳಿಗೆ ಹಾಗೇ ನಿಂತುಬಿಟ್ಟರು. ಸಿಸ್ಟರ್ ದಯಾಮಣಿಯ ಕೈಯಿಂದ ಚಿಮಟ ನೆಲಕ್ಕೆ ಬಿತ್ತು. ಅಲುಗದೆ ಬಿದ್ದ ಮೈ. ಮುಚ್ಚಿದ ಕಣ್ಣು. ಗಂಟಲಲ್ಲಿ ನಳಿಗೆ. ಹೆಣಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ ಎನ್ನುವಂಥ ಆ ಮೈಯ ತುದಿಯಲ್ಲಿ ಒಂದು ಕೈ ಮಾತ್ರ ಡಾಕ್ಟರರ ಬೆರಳನ್ನು ಬಿಗಿಯಾಗಿ ಹಿಡಿದಿತ್ತು. ಆಕೆ ಹೇಳಿದಾಗ ನಾನು ನಂಬಿದ್ದೆ. ಆದರೂ ಕಣ್ಣಾರೆ ನೋಡುವುದು ಬೇರೆ. ನನ್ನ ನಳಿಗೆಗಳ ಗುಂಡುಗಳೇ ನಿಂತುಹೋದವೇನೋ ಎನ್ನಿಸಿತು.

“ಕಟಗೇರಿಯವರ, ಕೈ ನಿಲ್ಲಸ್ರಿ,” ಎಂದರು ಇಂದುಮತಿಯವರು. ಅವರು ಕತ್ತಿ ಕೆಳಗಿಟ್ಟರು. ರಕ್ತ ನಿಲ್ಲಿಸಿದ ಬೆರಳನ್ನಷ್ಟೇ ಅಲ್ಲಿ ಬಿಟ್ಟು, ಉಸಿರನ್ನೂ ಸದ್ದಾಗದಂತೆ ಆಡುತ್ತ ನಿಂತರು. ಇಂದುಮತಿಯವರು ಮೊದಲೇ ತುಂಬಿಸಿಟ್ಟಿದ್ದ ಇನ್ನೊಂದು ಸೂಜಿ ಮದ್ದನ್ನು ನರಕ್ಕೆ ಏರಿಸಿದರು. ಒತ್ತಡವನ್ನು ಇಳಿಸದೆ ಮಲಗಿಸುವ ಮದ್ದು ಅದು. ಕೆಲವೇ ನಿಮಿಷ ನಿಲ್ಲುವುದರಿಂದ, ಎಚ್ಚರವಾದರಷ್ಟೇ ಕೊಡಬೇಕೆಂದು ಕಾದಿಟ್ಟಿದ್ದರು. ಏರಿಸುತ್ತ ಆಕೆಯ ಕಿವಿಗೆ ಬಾಯಿಟ್ಟು ಮಾತಾಡಿದರು. ಒತ್ತಿದ್ದು ನಮಗೆ ತಿಳಿಯಿತು, ಕತ್ತಿ ನಿಂತಿದೆ, ನೀವು ಮಲಗುವವರೆಗೆ ಯಾರೂ ಮುಟ್ಟುವುದಿಲ್ಲ ಎಂದು ಹೇಳುತ್ತಲೇ ಹೋದರು. ಹಿಡಿತ ಸಡಿಲವಾಯಿತು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಎರಡು ಮೂರು ಸಲ ಕೇಳಿ, ಉತ್ತರ ಬರದಿದ್ದ ಮೇಲೆಯೇ ಕಟಗೇರಿಯವರು ಮತ್ತೆ ಕೈ ಹಚ್ಚಿದರು.

ಕಲ್ಲು ಬಂತು. ರಕ್ತ ನಿಂತಿತು. ಗಾಯ ಹೊಲಿಯುವ ಮುನ್ನ ಇಂದುಮತಿಯವರು ಪಕ್ಕೆಲುಬುಗಳ ನಡುವಿನ ನರಗಳಿಗೆ ಮರಗಟ್ಟಿಸುವ ಮದ್ದು ಹಾಕಿಸಿದರು. ನೋವಿನ ಸೂಜಿಯನ್ನು ಆಕೆ ನರಳಿದ ಮೇಲಲ್ಲ, ನರಳುವ ಮೊದಲೇ ಕೊಡಬೇಕೆಂದು ವಾರ್ಡಿಗೆ ಹೇಳಿ ಕಳಿಸಿದರು. ಇಂಥ ಆಪರೇಶನ್ ಆಗಿಯೂ ಕೆಮ್ಮಲು ಹೆದರದ ರೋಗಿಯನ್ನು ವಾರ್ಡಿನವರು ಮೊದಲ ಸಲ ನೋಡಿದರಂತೆ.

ಮರುದಿನ ಥಿಯೇಟರಿಗೆ ಬಂದ ಇಂದುಮತಿಯವರ ಮುಖ ಮಾತ್ರ ಬಿಳಿಚಿತ್ತು. ಮಹಾನಂದಾಳಿಗೆ ಏನೂ ನೆನಪಿಲ್ಲವಂತೆ. ಮೇಜಿನ ಮೇಲೆ ಮಲಗಿದ್ದು ನೆನಪು, ವಾರ್ಡಿನಲ್ಲಿ ಎದ್ದದ್ದು ನೆನಪು, ನಡುವೆ ಒಂದು ಚೂರೂ ಇಲ್ಲ. ಚೆನ್ನಾಗಿ ನಿದ್ದೆ ಬಂತು ಎಂದಳಂತೆ. ಹಾಗಿದ್ದರೆ ಆ ಬೆರಳು ಒತ್ತಿದ್ದು ಯಾರು?

ಕಟಗೇರಿಯವರು, ಹೇಳಬೇಡಿ ಎಂದರು. ಆಕೆ ನೆಮ್ಮದಿಯಾಗಿದ್ದಾಳೆ, ಇಲ್ಲದ ನೋವನ್ನು ಕಿವಿಯಲ್ಲಿ ಹಾಕುವುದು ಯಾಕೆ ಎಂದರು. ಅದು ತಪ್ಪು ಮಾತು ಎಂದೂ ನನಗೆ ಅನ್ನಿಸಲಿಲ್ಲ. ಇಂದುಮತಿಯವರು ಮಾತು ಕೊಟ್ಟಿದ್ದರು. ಕೊಟ್ಟ ಮಾತಿಗೂ ಆಕೆಯ ನಿದ್ದೆಗೂ ನಡುವೆ ಸಿಕ್ಕಿಕೊಂಡು, ಆಕೆ ಮನೆಗೆ ಹೊರಡುವ ದಿನದವರೆಗೂ ಬಾಯಿ ಬಿಡಲಿಲ್ಲ.

ಆ ದಿನ ಮಹಾನಂದಾ ತಾನೇ ಥಿಯೇಟರು ನೋಡಬೇಕೆಂದು ಬಂದಳು. ಈ ಸಲ ಮೇಜನ್ನು ನೋಡಿದಳು, ಮುಟ್ಟಿದಳು. ಮುಖದಲ್ಲಿ ಕಳೆ ಬಂದಿತ್ತು. ಇಂದುಮತಿಯವರು ಆಕೆಯನ್ನು ಸ್ಟೂಲಿನ ಮೇಲೆ ಕೂಡಿಸಿ, ತಾವು ನಿಂತೇ ಎಲ್ಲವನ್ನೂ ಹೇಳಿದರು. ಮಹಾನಂದಾ ತನ್ನ ಬಲಗೈಯನ್ನು ಎತ್ತಿ, ಬೇರೆ ಯಾರದ್ದೋ ಎಂಬಂತೆ ತಿರುಗಿಸಿ ನೋಡಿದಳು.

“ನಾ ಒತ್ತೀನ್ರಿ?”

“ಹೌದು. ಎರಡು ಸರ್ತೆ.”

“ಆವಾಗ ನೀವೇನ್ ಮಾಡಿದ್ರಿ?”

ನಿಮ್ಮ ಹೆಸರು ಹಿಡಿದು ಕರೆದೆ, ಕತ್ತಿ ನಿಲ್ಲಿಸಿದೆವು, ಮಲಗುವವರೆಗೂ ಮಾತಾಡುತ್ತಲೇ ಇದ್ದೆ ಎಂದು ಇಂದುಮತಿಯವರು ಹೇಳಿದರು. ಮಹಾನಂದಾ ಆ ಕೈಯನ್ನು ಮತ್ತೊಂದು ಕೈಯಲ್ಲಿ ಹಿಡಿದುಕೊಂಡಳು.

“ಹಂಗಾರ ಬೆರಳು ಒತ್ತಿದಾಕಿಗೆ ಕೇಳಿರಬೇಕು ಬಿಡ್ರಿ,” ಎಂದಳು. “ನನಗ ನೆನಪಿಲ್ಲಂದ್ರ ಏನಾತು, ಅಕಿಗೆ ಕೇಳಿರಬೇಕು.”

ಆಕೆ ಎಕ್ಸ್‌ಚೇಂಜಿನ ಕೆಲಸಕ್ಕೆ ಮರಳಿದಳು, ಜನರೇ ನೇರವಾಗಿ ನಂಬರು ಹಚ್ಚುವ ಫೋನುಗಳು ಬರುವವರೆಗೂ ದುಡಿದಳು ಎಂದು ಕೇಳಿದ್ದೇನೆ. ಕಟಗೇರಿಯವರು ಮಲಗಿದವರ ಮೇಲೆ ಹರಟೆ ಹೊಡೆಯುವುದನ್ನು ಬಿಟ್ಟರು. ಮಗಳ ಮದುವೆಯ ಪೇಢೆಯನ್ನು ತಾವೇ ಬೆಳ್ಳುಬ್ಬಿಯವರ ಮನೆಗೆ ಒಯ್ದು ಕೊಟ್ಟರಂತೆ. ಇಂದುಮತಿಯವರು ನಿವೃತ್ತರಾಗುವವರೆಗೆ ಯಾರನ್ನೂ ಹೆಸರು ಹಿಡಿದು ಕರೆಯದೆ ಮಲಗಿಸಲಿಲ್ಲ, ಎಬ್ಬಿಸಲಿಲ್ಲ. ನಡುವೆಯೂ ಮಾತಾಡಿಸುತ್ತಿದ್ದರು. ಹೊಸ ನರ್ಸುಗಳು ನಗುತ್ತಿದ್ದರು. ನಕ್ಕರೆ ಅವರು ಬೈಯುತ್ತಿರಲಿಲ್ಲ.

ನಾನು ಮಾತ್ರ ಆ ದಿಗಿಲಿನಿಂದ ಹೊರಗೆ ಬರಲಿಲ್ಲ. ಮಹಾನಂದಾಳಿಗೆ ಮೊದಲ ಸಲ ನೆನಪು ಉಳಿಯಿತು, ಅದಕ್ಕೇ ಬಂದು ಹೇಳಿದಳು. ಎರಡನೆಯ ಸಲ ಕೈ ಉಳಿದಿತ್ತು, ಅದಕ್ಕೇ ಒತ್ತಿದಳು. ಕೈಯೂ ಇಲ್ಲದೆ ನೆನಪೂ ಇಲ್ಲದೆ ನನ್ನ ಚೀಲದ ಆಚೆ ಬದಿಯಲ್ಲಿ ಕಾದು ಕುಳಿತವರು ಎಷ್ಟು ಮಂದಿ? ಅವರೆಲ್ಲ ಎದ್ದು, ಚೆನ್ನಾಗಿ ನಿದ್ದೆ ಬಂತು ಎಂದು ಕೈ ಮುಗಿದು ಮನೆಗೆ ಹೋದರು. ಅವರಲ್ಲಿ ಯಾರಿಗೂ ಈಗ ಗೊತ್ತಿಲ್ಲ. ನನಗೂ ಗೊತ್ತಿಲ್ಲ.

ಆಸ್ಪತ್ರೆಗೆ ಪರದೆ ಮಿನುಗುವ, ತಪ್ಪಾದರೆ ಕೂಗುವ ಹೊಸ ಯಂತ್ರ ಬಂದಾಗ ನನ್ನನ್ನು ಪಶು ಆಸ್ಪತ್ರೆಗೆ ದಾನ ಮಾಡಿದರು. ಅಲ್ಲಿ ನಾಯಿ, ಆಡು, ಎಳೆಗರುಗಳಿಗೆ ಕೆಲವು ವರ್ಷ ಉಸಿರು ಒತ್ತಿದೆ. ಎದ್ದ ಮೇಲೆ ಅವು ಏನನ್ನೂ ಹೇಳುತ್ತಿರಲಿಲ್ಲ. ಆಮೇಲೆ ನನ್ನ ಚೀಲ ಸೀಳಿತು, ಬಾಟಲಿ ಒಡೆಯಿತು. ಈಗ ಹಿಂದಿನ ಕೋಣೆಯಲ್ಲಿ, ಹಿಂಡಿಯ ಮೂಟೆಗಳ ಪಕ್ಕದಲ್ಲಿ, ಗೋಡೆಗೆ ಮುಖಮಾಡಿ ನಿಂತಿದ್ದೇನೆ.

ಗೋಡೆಯ ಆಚೆ ಇಂದು ಬೆಳಗಿನಿಂದ ಒಂದು ನಾಯಿ ಕುಂಯ್ ಕುಂಯ್ ಎನ್ನುತ್ತಿತ್ತು. ಲಾರಿಗೆ ಸಿಕ್ಕಿ ಮುರಿದ ಅದರ ಕಾಲನ್ನು ನಿನ್ನೆ ತೆಗೆದಿದ್ದಾರೆ. ಈಗಷ್ಟೇ ಅದು ಸುಮ್ಮನಾಯಿತು. ಮದ್ದು ಕೊಟ್ಟರೋ, ದಣಿಯಿತೋ, ಇಲ್ಲಿಂದ ಕಾಣುವುದಿಲ್ಲ. ಸುಮ್ಮನಾಯಿತು, ಇನ್ನು ಪರವಾಗಿಲ್ಲ ಎಂದು ಯಾರೋ ಹೇಳಿ ಬಾಗಿಲು ಎಳೆದುಕೊಂಡು ಹೋದರು. ಹಿಂದೆ ನಾನೂ ಹಾಗೆಯೇ ಅನ್ನುತ್ತಿದ್ದೆ. ಈಗ ಅನ್ನಲಾರೆ.